ನಾಲ್ಕು ಹೆಜ್ಜೆಗೆ ನಲವತ್ತು ತಯಾರಿ

ನನ್ನ ಜನ್ಮದಲ್ಲಿ ನಾನು ದೂರ ನಡೆದದ್ದು ಒಂದೇ ಒಂದು ಸಲ. ಅದಕ್ಕೆ ತಯಾರಾಗಲು ಹದಿನೆಂಟು ವರ್ಷ ತೆಗೆದುಕೊಂಡೆ. ಇಷ್ಟು ಹೇಳಿದ ಕೂಡಲೇ ನೀವು ನನ್ನನ್ನು ಸೋಮಾರಿ ಎಂದುಕೊಳ್ಳುತ್ತೀರಿ. ಎಂದುಕೊಳ್ಳಿ, ಅಡ್ಡಿಯಿಲ್ಲ, ನನ್ನ ಹೆಂಡತಿ ಸುಮತಿ ಮದುವೆಯಾದ ಮೂರನೆಯ ದಿನವೇ ಆ ತೀರ್ಮಾನಕ್ಕೆ ಬಂದಿದ್ದಳು. ಆದರೆ ಸೋಮಾರಿ ಬೇರೆ, ತಯಾರಿ ಮಾಡುವವನು ಬೇರೆ. ಸೋಮಾರಿ ಏನೂ ಮಾಡದೆ ಹಾಯಾಗಿ ಕೂರುತ್ತಾನೆ. ತಯಾರಿ ಮಾಡುವವನಿಗೆ ಆ ಸುಖವೂ ಇಲ್ಲ. ಅವನು ಬೆಳಗಿನಿಂದ ಸಂಜೆಯವರೆಗೆ ಒದ್ದಾಡುತ್ತಾನೆ, ಬೆವರುತ್ತಾನೆ, ಕಾಗದ ಗೀಚುತ್ತಾನೆ, ಕಂಡಕಂಡವರನ್ನೆಲ್ಲ ವಿಚಾರಿಸುತ್ತಾನೆ, ಕೊನೆಗೆ ಹೊರಟಲ್ಲಿಯೇ ಇರುತ್ತಾನೆ.

ವಿಷಯ ಒಂದು ಹರಕೆಯದ್ದು. ನನಗೆ ಒಂಬತ್ತು ವರ್ಷವಾಗಿದ್ದಾಗ ಬೇಸಗೆ ರಜೆಯಲ್ಲಿ ಮೂಡುಬಿದಿರೆಯ ಸೋದರಮಾವನ ಮನೆಗೆ ಹೋಗಿದ್ದೆ. ತಂದೆ ನನ್ನ ಎಳವೆಯಲ್ಲೇ ತೀರಿಕೊಂಡಿದ್ದರಿಂದ ನನಗೂ ಅಮ್ಮನಿಗೂ ಆ ಮನೆ ತುಂಬ ಹತ್ತಿರದ್ದು. ಅಲ್ಲಿ ವಿಷಮಶೀತ ಜ್ವರ ಬಂದು ಮಲಗಿದೆ. ವಾರಗಟ್ಟಲೆ ಕಾದ ಜ್ವರ ಕೊನೆಗೊಮ್ಮೆ ಬಿಟ್ಟಿತು, ಆದರೆ ಬಿಡುವಾಗ ಕಾಲಿನ ಬಲವನ್ನೂ ತನ್ನ ಜೊತೆಗೆ ಕೊಂಡುಹೋಯಿತು. ಎತ್ತಿ ನಿಲ್ಲಿಸಿದರೆ ಒದ್ದೆ ಬಟ್ಟೆಯ ಹಾಗೆ ಕುಸಿಯುತ್ತಿದ್ದೆನಂತೆ. ಇವನು ಇನ್ನು ನಡೆಯುವುದು ಸಂಶಯ ಎಂದು ನೋಡಿದವರೆಲ್ಲ ಅಮ್ಮನಿಗೆ ಕೇಳಿಸುವ ಹಾಗೆಯೇ ಪಿಸುಗುಟ್ಟಿದರಂತೆ. ಆಗ ಅಮ್ಮ ಆ ಮನೆಯ ಚಾವಡಿಯಲ್ಲಿ ನಿಂತು ಧರ್ಮಸ್ಥಳದ ದಿಕ್ಕಿಗೆ ಕೈ ಮುಗಿದು, ಈ ಮಗು ನಡೆಯುವ ಹಾಗಾದರೆ ನಮ್ಮ ಮನೆಯ ಹೊಸ್ತಿಲಿನಿಂದ ನಿನ್ನ ಬಾಗಿಲಿನವರೆಗೆ ಅವನ ಕಾಲಿನಲ್ಲೇ ಅವನನ್ನು ಕಳುಹಿಸುತ್ತೇನೆ ಎಂದು ಹರಕೆ ಹೊತ್ತಳು. ಆ ಮಳೆಗಾಲ ಮುಗಿಯುವುದರೊಳಗೆ ನಾನು ಮೊದಲು ಗೋಡೆ ಹಿಡಿದು, ಮತ್ತೆ ಮಾವನ ಬೆರಳು ಹಿಡಿದು, ಆಮೇಲೆ ಏನನ್ನೂ ಹಿಡಿಯದೆ ನಡೆದೆ. ದೇವರು ತನ್ನ ಪಾಲಿನ ಕೆಲಸವನ್ನು ಮೂರೇ ತಿಂಗಳಲ್ಲಿ ಮುಗಿಸಿದ. ನನ್ನ ಪಾಲಿನದ್ದು ಬಾಕಿ ಉಳಿಯಿತು.

ಉಳಿಯಲಿಕ್ಕೆ ಕಾರಣಗಳೇನೂ ಕಡಿಮೆ ಇರಲಿಲ್ಲ. ಮೊದಲು ನಾನು ಚಿಕ್ಕವನಾಗಿದ್ದೆ. ಆಮೇಲೆ ಪರೀಕ್ಷೆಗಳು ಬಂದವು. ಆಮೇಲೆ ಮಾಸ್ತರಿಕೆಯ ತರಬೇತಿ, ನಮ್ಮೂರು ಪಾಣೆಮಂಗಳೂರಿನ ಶಾಲೆಯಲ್ಲಿ ನೌಕರಿ, ಮದುವೆ. ಅಮ್ಮ ವರ್ಷಕ್ಕೆ ಒಂದು ಸಲ, ಮಳೆ ನಿಂತು ದಾರಿ ಒಣಗುವ ಹೊತ್ತಿಗೆ, "ಈ ಸಲ ಆಗ್ತದಾ ಮಗಾ?" ಎಂದು ಕೇಳುವಳು. ನಾನು "ಬರುವ ವರ್ಷ ಖಂಡಿತ" ಎನ್ನುವೆನು. ಅವಳು ಮತ್ತೆ ಮಾತಾಡುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಬೇಗ ಹೊರಡುತ್ತಿದ್ದೆನೋ ಏನೋ. ನಮ್ಮ ಮನೆಮಾತು ತುಳು. ಅಮ್ಮನಿಗೆ ಬೈಯಲಿಕ್ಕೆ ತುಳುವಿನಲ್ಲಿ ಏನೂ ಕೊರತೆಯಿರಲಿಲ್ಲ. ಇಲ್ಲಿ ಅವಳ ಮಾತನ್ನು ಕನ್ನಡಕ್ಕೆ ತಂದು ಬರೆಯುವಾಗ ಖಾರ ಅರ್ಧಕ್ಕರ್ಧ ಇಳಿದುಹೋಗಿದೆ ಎಂಬುದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಮ್ಮನಿಗೆ ಬಸ್ಸು ಆಗುತ್ತಿರಲಿಲ್ಲ. ಬಸ್ಸಿನ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಮುಖ ಬಾಡುತ್ತಿತ್ತು. ಎಲ್ಲಿಗಾದರೂ ಸರಿ, ನಡೆದೇ ಹೋಗುತ್ತಿದ್ದಳು. ಬಂಟ್ವಾಳ ಪೇಟೆಯಿಂದ ಬಸ್ಸಿನಲ್ಲಿ ಕೂತು ಧರ್ಮಸ್ಥಳಕ್ಕೆ ಹೋಗುವ ನೆರೆಕರೆಯ ಹೆಂಗಸರು ಅವಳನ್ನು ಎಷ್ಟು ಸಲ ಕರೆದಿದ್ದರೋ ಲೆಕ್ಕವಿಲ್ಲ. ಒಮ್ಮೆಯೂ ಹೋದವಳಲ್ಲ. ಬಸ್ಸಿನ ಭಯ ಎಂದುಕೊಂಡಿದ್ದೆ. ಪ್ರಸಾದ ತಂದುಕೊಟ್ಟರೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಕೊನೆಗೂ ನನ್ನನ್ನು ಎಬ್ಬಿಸಿದ್ದು ಒಂದು ಉಳುಕು. ನನ್ನ ಇಪ್ಪತ್ತೇಳನೆಯ ವರ್ಷದ ಮಳೆಗಾಲದಲ್ಲಿ, ಬಂಟ್ವಾಳದಲ್ಲಿ ಬಸ್ಸಿನಿಂದ ಇಳಿಯುವಾಗ ಕಾಲು ಮಡಚಿ ಬಿದ್ದೆ. ಹದಿನೈದು ದಿನ ಕುಂಟಿದೆ. ಅಮ್ಮ ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ನಾನು ಗೋಡೆ ಹಿಡಿದು ಅಂಗಳಕ್ಕೆ ಇಳಿಯುವಾಗಲೆಲ್ಲ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕಾಲನ್ನೇ ನೋಡುತ್ತಿದ್ದಳು. ಆ ಮುಖ ನೋಡಲು ನನ್ನಿಂದಾಗಲಿಲ್ಲ. "ಅಮ್ಮಾ, ಈ ಕ್ರಿಸ್‌ಮಸ್ ರಜೆಯಲ್ಲಿ ಹೋಗಿಯೇ ಬಿಡ್ತೇನೆ" ಎಂದೆ. ಅವಳು ನಂಬಿದಳೋ ಇಲ್ಲವೋ, "ಮೂಡುಬಿದಿರೆ ಮೇಲೆ ಹೋಗು. ಮಾವನ ಮನೆಯಲ್ಲಿ ಹೇಳಿಕೊಂಡ ಹರಕೆ, ಆ ಚಾವಡಿಗೆ ಕಾಲಿಡದೆ ಹೋಗ್ಲಿಕ್ಕಿಲ್ಲ" ಎಂದಳು.

ಆಗ ಶುರುವಾಯಿತು ನನ್ನ ತಯಾರಿ. ಶಾಲೆಯ ಜಿಲ್ಲಾ ನಕ್ಷೆಯನ್ನು ಮನೆಗೆ ತಂದು ಚಾಪೆಯ ಮೇಲೆ ಹರಡಿದೆ. ಧರ್ಮಸ್ಥಳ ಇರುವುದು ನಮ್ಮಲ್ಲಿಂದ ಪೂರ್ವಕ್ಕೆ, ನೇರ ಹೋದರೆ ಮೂವತ್ತು ಚಿಲ್ಲರೆ ಮೈಲಿ. ಮೂಡುಬಿದಿರೆ ಇರುವುದು ಉತ್ತರಕ್ಕೆ. ಅಲ್ಲಿಗೆ ಹೋದ ಮೇಲೆ ವೇಣೂರಿನ ಅತ್ತೆಯ ಮನೆಯನ್ನು ಬಿಡಲಿಕ್ಕಾಗುವುದಿಲ್ಲ, ಅವರು ತಂದೆಯ ತಂಗಿ. ಅಲ್ಲಿಂದ ಬೆಳ್ತಂಗಡಿಗೆ ಬಂದರೆ ಪಕ್ಕದ ಲಾಯಿಲದಲ್ಲಿ ಅಮ್ಮನ ತಂಗಿ, ನನ್ನ ಚಿಕ್ಕಮ್ಮ. ಅವಳ ಮನೆಯ ಎದುರಿನಿಂದ ಒಳಗೆ ಹೋಗದೆ ದಾಟಿದರೆ ಏಳು ಜನ್ಮ ಹೇಳಿಸಿಕೊಳ್ಳಬೇಕು. ದಾರಿಗಳನ್ನು ಲೋಕೋಪಯೋಗಿ ಇಲಾಖೆಯವರು ಮಾಡಿದ್ದಾರೆ ಎಂದು ಶಾಲೆಯಲ್ಲಿ ನಾನೇ ಪಾಠ ಹೇಳುತ್ತಿದ್ದೆ. ನಮ್ಮ ಸೀಮೆಯಲ್ಲಿ ದಾರಿಗಳನ್ನು ಮಾಡಿದ್ದು ಅತ್ತೆ ಮಾವಂದಿರು ಎಂಬುದು ಆ ನಕ್ಷೆಯ ಮೇಲೆ ಪೆನ್ಸಿಲ್ ಎಳೆದಾಗ ತಿಳಿಯಿತು. ಗೆರೆ ಮೇಲೆ ಹತ್ತಿ, ಬಲಕ್ಕೆ ತಿರುಗಿ, ಕೆಳಗೆ ಬಾಗಿ, ಎರಡು ದಿನದ ದಾರಿ ವಾರದ ದಾರಿಯಾಯಿತು.

ದಾರಿ ಉದ್ದವಾದಷ್ಟೂ ಪಟ್ಟಿಯೂ ಉದ್ದವಾಗುತ್ತದೆ. ನನ್ನ ಪಟ್ಟಿಯಲ್ಲಿ ಕಂಬಳಿ, ಚಾಪೆ, ಚೊಂಬು, ಲಾಟೀನು, ಸೂಜಿ ದಾರ, ತಲೆನೋವಿನ ಮುಲಾಮು, ಹಾವು ಕಚ್ಚಿದರೆ ಕಟ್ಟಲು ಹಗ್ಗ, ಅವಲಕ್ಕಿ, ಉಪ್ಪಿನಕಾಯಿಯ ಸಣ್ಣ ಭರಣಿ, ಕೊಡೆ, ಆ ಕೊಡೆ ಎಲ್ಲಾದರೂ ಮರೆತುಹೋದರೆ ಇನ್ನೊಂದು ಕೊಡೆ, ಹೀಗೆ ನಲವತ್ತು ಬಾಬು ಇದ್ದವು. ಸುಮತಿ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, "ಇದರಲ್ಲಿ ನಾನೊಬ್ಬಳು ಬಾಕಿ ಅಂತ ಕಾಣ್ತದೆ" ಎಂದಳು. ತನ್ನನ್ನು ಕರೆದುಕೊಂಡು ಹೋಗಲಿ ಎಂದು ಹೇಳಿದಳೋ, ಮನೆ ಖಾಲಿಯಾಗುವುದನ್ನು ಕಂಡು ಹೇಳಿದಳೋ, ಇವತ್ತಿಗೂ ಕೇಳಿಲ್ಲ.

ಪುರಾಣಗಳಲ್ಲಿ ಅರಸುಮಕ್ಕಳು ಕಾಡಿಗೆ ಹೊರಡುತ್ತಾರಲ್ಲ, ಅವರಿಗೆ ಗಂಟು ಕಟ್ಟಿಕೊಟ್ಟವರು ಯಾರು ಎಂಬ ಪ್ರಶ್ನೆ ಆ ದಿನಗಳಲ್ಲಿ ನನ್ನನ್ನು ತುಂಬ ಕಾಡಿತು. ವರ್ಷಗಟ್ಟಲೆ ಕಾಡಿನಲ್ಲಿರಬೇಕಾದವರು, ಹೊರಟರು ಎಂದು ಅರ್ಧ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಚೊಂಬಿನ ಮಾತಿಲ್ಲ, ಸೂಜಿಯ ಮಾತಿಲ್ಲ. ಅದಿರಲಿ, ಪುರಾಣ. ಮೂಡುಬಿದಿರೆಯ ಬಸದಿಗಳಿಗೆ ಆಗಾಗ ದಿಗಂಬರ ಮುನಿಗಳು ಬರುವುದನ್ನು ನಾನೇ ಚಿಕ್ಕಂದಿನಲ್ಲಿ ನೋಡಿದ್ದೇನೆ. ಘಟ್ಟದ ಆಚೆಯಿಂದ ನೂರಾರು ಮೈಲಿ ನಡೆದೇ ಬರುವವರು. ಕೈಯಲ್ಲೊಂದು ಕಮಂಡಲ, ನವಿಲುಗರಿಯ ಒಂದು ಪಿಂಛ. ಅಷ್ಟೇ. ಎಷ್ಟು ದೂರ ಹೋಗಬೇಕಾಗಿದೆಯೋ ಅಷ್ಟು ಕಡಿಮೆ ಹೊರಬೇಕು ಎಂಬುದು ಅವರನ್ನು ನೋಡಿದ ಯಾವ ಮಗುವಿಗೂ ತಿಳಿಯುವ ಸಂಗತಿ. ಆದರೆ ಮಗು ದೊಡ್ಡದಾಗಿ ಮಾಷ್ಟ್ರಾದರೆ ತಿಳಿದದ್ದೂ ಮರೆತುಹೋಗುತ್ತದೆ.

ಹೊರೆ ಹೊತ್ತು ಅಭ್ಯಾಸವಾಗಲಿ ಎಂದು ನಾನು ದಿನಾ ಸಂಜೆ ಚೀಲದಲ್ಲಿ ನಾಲ್ಕು ಹಂಚು ಹಾಕಿಕೊಂಡು ನೇತ್ರಾವತಿಯ ಸೇತುವೆ ದಾಟಿ ಬಂಟ್ವಾಳದ ಕಡೆಗೆ ಹೋಗಿ ಬರತೊಡಗಿದೆ. ಸೇತುವೆಯ ಈ ತುದಿಯಲ್ಲಿ ಅಬ್ಬು ಬ್ಯಾರಿಯವರ ಕೊಡೆ, ಚಪ್ಪಲಿಯ ಅಂಗಡಿ. ಹೋಗುವಾಗ ನನ್ನ ಚೀಲದ ಬಾಯಲ್ಲಿ ಇಣುಕುವ ಹಂಚು ಅವರಿಗೆ ಕಾಣುತ್ತಿತ್ತು. ನಾನು ಹಿಂದಿರುಗುವ ಹೊತ್ತಿಗೆ ಅವರು ಸಂಜೆಯ ನಮಾಜಿಗೆ ಹೋಗಿರುತ್ತಿದ್ದರು. ಇಪ್ಪತ್ತು ದಿನ ನೋಡಿದ ಮೇಲೆ ಒಂದು ದಿನ ಕೇಳಿಯೇ ಬಿಟ್ಟರು: "ಎಂಥ ಮಾಷ್ಟ್ರೇ, ಬಂಟ್ವಾಳದಲ್ಲಿ ಮನೆ ಎಬ್ಬಿಸುದಾ? ದಿನಕ್ಕೆ ನಾಲ್ಕು ಹಂಚು ಹೊತ್ರೆ ಮನೆಯ ಮಾಡು ಹೊದಿಸಿ ಮುಗಿಲಿಕ್ಕೆ ಎಷ್ಟು ವರ್ಷ ಬೇಕು? ಒಂದು ಗಾಡಿ ಮಾಡಿ ಮಾರಾಯ್ರೆ."

ವಿಷಯ ಹೇಳಿದೆ. ಅವರು ನಗಲಿಲ್ಲ, ಹರಕೆಯ ಮಾತಿಗೆ ನಮ್ಮ ಕಡೆ ಯಾರೂ ನಗುವುದಿಲ್ಲ. ಟಯರಿನ ಅಡಿ ಹಾಕಿದ ಒಂದು ಜೊತೆ ಚಪ್ಪಲಿ ತೆಗೆದು ಮುಂದಿಟ್ಟರು. ಇದು ಧರ್ಮಸ್ಥಳಕ್ಕೆ ಹೋಗಿ, ಬಂದು, ಇನ್ನೊಂದು ಸಲ ಹೋಗಿ ಬರುವಷ್ಟು ಗಟ್ಟಿ ಎಂದರು. ಆದರೆ ಹರಕೆಗೆ ಬರಿಗಾಲಲ್ಲಿ ಹೋಗಬೇಕೋ, ಚಪ್ಪಲಿ ಆದೀತೋ? ನಾನು ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವಳು ಅಕ್ಕಿ ಕೇರುವುದನ್ನು ನಿಲ್ಲಿಸಿ, ಹದಿನೆಂಟು ವರ್ಷದ ಹಿಂದಿನ ಮಾತನ್ನು ಅಕ್ಷರ ಅಕ್ಷರ ನೆನಪು ಮಾಡಿಕೊಂಡು, "ನಾನು ಕಾಲಿನ ವಿಷಯ ಹೇಳಿದ್ದು. ಚಪ್ಪಲಿಯ ವಿಷಯ ಹೇಳ್ಲಿಲ್ಲ" ಎಂದಳು. ಯಾವ ವಕೀಲನೂ ಇಷ್ಟು ಸ್ವಚ್ಛವಾದ ಅಭಿಪ್ರಾಯ ಕೊಟ್ಟದ್ದನ್ನು ನಾನು ಕೇಳಿಲ್ಲ. ಚಪ್ಪಲಿ ತೆಗೆದುಕೊಂಡೆ. ಅದನ್ನು ಹದ ಮಾಡಲಿಕ್ಕೆಂದು ಇನ್ನೂ ಒಂದು ತಿಂಗಳು ಸೇತುವೆಯ ಮೇಲೆಯೇ ನಡೆದೆ.

ಇಷ್ಟರವರೆಗೆ ನನ್ನ ತಯಾರಿಯಿಂದ ಯಾರಿಗೂ ನೋವಾಗಿರಲಿಲ್ಲ. ದೊಡ್ಡ ತಪ್ಪು ಮಾಡಿದ್ದು ನವರಾತ್ರಿ ಕಳೆದ ಮೇಲೆ. ತಂಗುವ ಮನೆಗಳವರಿಗೆ ಮೊದಲೇ ತಿಳಿಸುವುದು ಶಿಸ್ತು ಎಂದುಕೊಂಡು ಮೂಡುಬಿದಿರೆ, ವೇಣೂರು, ಲಾಯಿಲ ಮೂರೂ ಕಡೆಗೆ ಒಂದೊಂದು ಕಾರ್ಡು ಬರೆದೆ. ಶಾಲೆಯ ಪತ್ರವ್ಯವಹಾರ ಬರೆದು ಬರೆದು ಕೈಗೆ ಅದೇ ಅಭ್ಯಾಸ. "ಮಾನ್ಯರೇ, ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾನು ಹರಕೆಯ ನಿಮಿತ್ತ ಕಾಲ್ನಡಿಗೆಯಲ್ಲಿ ಬರುವವನಿದ್ದು, ತಮ್ಮಲ್ಲಿ ಒಂದು ರಾತ್ರಿಯ ವಸತಿಗೂ ಎರಡು ಹೊತ್ತಿನ ಊಟಕ್ಕೂ ಸೌಕರ್ಯ ಇದೆಯೇ ಎಂಬುದನ್ನು ಮರುಟಪಾಲಿನಲ್ಲಿ ತಿಳಿಸಬೇಕಾಗಿ ವಿನಂತಿ." ಬರೆದು ಮುಗಿಸಿ ಓದಿದಾಗ ಎಷ್ಟು ಅಚ್ಚುಕಟ್ಟಾಗಿದೆ ಎಂದು ನನಗೇ ಮೆಚ್ಚುಗೆಯಾಯಿತು.

ಮರುಟಪಾಲು ಬರಲಿಲ್ಲ. ನಾಲ್ಕನೆಯ ದಿನ ಮಾವನೇ ಬಂದರು. ಮೂಡುಬಿದಿರೆಯಿಂದ ಬಸ್ಸು ಹತ್ತಿ ಬಂದವರು ನನ್ನ ಕಡೆ ನೋಡಲಿಲ್ಲ. ಜಗಲಿಯಲ್ಲಿ ಕೂತು ಅಂಗಿಯ ಜೇಬಿನಿಂದ ಕಾರ್ಡು ತೆಗೆದು ಅಮ್ಮನ ಮುಂದೆ ಇಟ್ಟರು.

"ನೋಡು ತಂಗಿ, ನನ್ನ ಮನೆಯಲ್ಲಿ ಸೌಕರ್ಯ ಉಂಟಾ ಅಂತ ನಿನ್ನ ಮಗ ಕೇಳಿದ್ದಾನೆ. ಮೂರು ತಿಂಗಳು ಅಲ್ಲಿ ಮಲಗಿದ್ದನಲ್ಲ, ಆಗ ಗೊತ್ತಾಗ್ಲಿಲ್ವಾ ಅವನಿಗೆ? ಇವನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾವಿರ ಕಂಬದ ಬಸದಿಯ ಎದುರು ದಿನಾ ತಿರುಗಾಡಿಸಿದ್ದೇನೆ. ಈಗ ನಾನು ಮಾನ್ಯರೇ ಆದೆ."

ಸುಮತಿ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟಳು. ಮಾವ ನೀರು ಕುಡಿದರು. ಬೆಲ್ಲ ಮುಟ್ಟಲಿಲ್ಲ. ಬಂದವರು ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಳ್ಳದೆ ಎದ್ದರೆ ನಮ್ಮ ಕಡೆ ಅದರ ಅರ್ಥ ಏನೆಂದು ಹೇಳಬೇಕಾಗಿಲ್ಲ. ಜಗಳವಾದರೂ ಆಡಿ ಹೋಗಿದ್ದರೆ ಚೆನ್ನಾಗಿತ್ತು. ಊಟಕ್ಕೂ ನಿಲ್ಲದೆ ಹಿಂದಿರುಗುವ ಬಸ್ಸಿಗೆ ಹೊರಟುಬಿಟ್ಟರು. ನಾನು ಹಿಂದಿನಿಂದ ಸೇತುವೆಯವರೆಗೆ ಓಡಿದೆ, ಏನೇನೋ ಹೇಳಿದೆ. "ಸೌಕರ್ಯ ಇದ್ದರೆ ಬರೆಯುತ್ತೇನೆ" ಎಂದರು.

ಅಮ್ಮ ಆ ತಟ್ಟೆಯನ್ನು ಎತ್ತಿ ಒಳಗಿಟ್ಟಳು. ನಮ್ಮಲ್ಲಿ ಮದುವೆಯಿರಲಿ, ಭೂತಕ್ಕೆ ಕೊಡುವ ತಂಬಿಲವಿರಲಿ, ಹೇಳಿಕೆ ಕೊಡುವುದೆಂದರೆ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಬಾಯಿಂದ ಹೇಳುವುದು. ಕಾರ್ಡಿನ ಹೇಳಿಕೆ ಹೇಳಿಕೆಯಲ್ಲ. ಇದು ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಮರುದಿನ ಬೆಳಕು ಹರಿಯುವಾಗ ಅಮ್ಮ ಒಂದು ಕೊಡೆ, ಒಂದು ಸಣ್ಣ ಗಂಟು ಹಿಡಿದು ಅಂಗಳಕ್ಕೆ ಇಳಿದಳು.

"ಎಲ್ಲಿಗಮ್ಮಾ?" ಎಂದೆ.

"ಹೇಳಿಕೆ ಕೊಡ್ಲಿಕ್ಕೆ. ನೀನು ಪಟ್ಟಿ ಮಾಡು" ಎಂದಳು.

ಐವತ್ತೆಂಟು ವರ್ಷದ ಹೆಂಗಸು ಸೇತುವೆ ದಾಟಿ, ಸಿದ್ಧಕಟ್ಟೆಯ ದಾರಿಯಲ್ಲಿ, ದೀಪ ಹಚ್ಚುವ ಹೊತ್ತಿಗೆ ಮೂಡುಬಿದಿರೆ ಸೇರಿದ್ದಳು. ಮಾವ ಅವಳನ್ನು ಕಂಡು ಕಣ್ಣೀರು ಹಾಕಿದರಂತೆ. ಆದರೆ ಅಲ್ಲಿಗೆ ಮುಗಿಯಲಿಲ್ಲ, ಅಂಥದ್ದೇ ಕಾರ್ಡು ವೇಣೂರಿಗೂ ಹೋಗಿದೆಯಲ್ಲ. ಅಲ್ಲಿಗೂ ನಡೆದಳು. ಅಲ್ಲಿಂದ ಲಾಯಿಲಕ್ಕೆ. ಒಂದೊಂದು ಮನೆಯಲ್ಲಿ ಒಂದೆರಡು ದಿನ ಕೂತು, ನನ್ನ ಕಾರ್ಡಿನಿಂದಾದ ಬೇಸರವನ್ನು ತೊಳೆದು, ನೇರ ದಾರಿಯಲ್ಲಿ ಹಿಂದಕ್ಕೆ ನಡೆದು, ಹನ್ನೊಂದನೆಯ ದಿನ ಮನೆಗೆ ಬಂದಳು. ಕಾಲು ತೊಳೆದು ಒಳಗೆ ಬಂದವಳು ಹೇಳಿದ್ದು ಇಷ್ಟೇ: "ಎಲ್ಲರೂ ಕಾಯ್ತಾರೆ. ಇನ್ನು ನೀನು ಹೋಗದಿದ್ರೆ ನನ್ನ ಮರ್ಯಾದೆ ಹೋಗ್ತದೆ."

ಅಬ್ಬು ಬ್ಯಾರಿಯವರು ಸೇತುವೆಯ ಮೇಲೆ ಅವಳು ಹೋದದ್ದನ್ನೂ ಬಂದದ್ದನ್ನೂ ನೋಡಿದ್ದರು. ಮರುದಿನ ಸಂಜೆ ನಾನು ಹಂಚು ಹೊತ್ತು ಹೋಗುವಾಗ ಕರೆದು, "ಒಂದು ಕೇಳ್ತೇನೆ ಮಾಷ್ಟ್ರೇ, ಬೇಜಾರು ಮಾಡ್ಬೇಡಿ. ಈ ಹರಕೆ ನಿಮ್ಮದಾ, ಅಮ್ಮಂದಾ?" ಎಂದರು. ನಾನು ಆ ದಿನವೇ ಹಂಚುಗಳನ್ನು ಕೊಟ್ಟಿಗೆಯ ಮೂಲೆಗೆ ಹಾಕಿದೆ.

ಕ್ರಿಸ್‌ಮಸ್ ರಜೆಯ ಮೊದಲ ದಿನ ಹೊರಟೆ. ಹೊರಟೆ ಎಂದು ಬರೆಯುವಾಗ ಈಗಲೂ ಮೈ ಜುಮ್ಮೆನ್ನುತ್ತದೆ. ನಲವತ್ತು ಬಾಬುಗಳ ಚೀಲವನ್ನು ಹೆಗಲಿಗೇರಿಸುವಷ್ಟರಲ್ಲಿ ಅಮ್ಮ ಅದನ್ನು ಕೆಳಗಿಳಿಸಿ ಜಗಲಿಯ ಮೇಲೆ ಬೋರಲು ಹಾಕಿದಳು. "ಮಾವನ ಮನೆಗೆ ಚಾಪೆ ಕೊಂಡುಹೋಗ್ತೀಯಾ? ಅತ್ತೆಯ ಮನೆಗೆ ಉಪ್ಪಿನಕಾಯಿ? ಅವರಲ್ಲಿ ಇಲ್ಲ ಅಂತ ಲೆಕ್ಕವಾ?" ಕಾರ್ಡಿನಲ್ಲಿ ಬರೆದದ್ದನ್ನೇ ನಾನು ಬೆನ್ನ ಮೇಲೆ ಹೊತ್ತುಕೊಂಡು ಹೊರಟಿದ್ದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಎರಡು ಪಂಚೆ, ಮೈ ಒರಸುವ ಒಂದು ಬೈರಾಸು, ಒಂದು ಕೊಡೆ ಉಳಿದವು. ಐದು ತಿಂಗಳ ದುಡಿಮೆ ಒಂದು ಸಣ್ಣ ಗಂಟಾಯಿತು. ಅಮ್ಮ ಹೊಸ್ತಿಲಲ್ಲಿ ನಿಂತು ನನ್ನ ಹಣೆಗೆ ಗಂಧವಿಟ್ಟು, "ಬಲಗಾಲು ಮುಂದಿಡು" ಎಂದಳು.

ನಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಯರಿನ ಚಪ್ಪಲಿ ಚೆನ್ನಾಗಿಯೇ ಇತ್ತು. ಅದರೊಳಗಿನ ಕಾಲು ಚೆನ್ನಾಗಿರಲಿಲ್ಲ. ಮೊದಲ ದಿನವೇ ಬೊಕ್ಕೆ ಎದ್ದಿತು. ಅಮ್ಮ ಒಂದು ದಿನದಲ್ಲಿ ನಡೆದ ದಾರಿಗೆ ನನಗೆ ಎರಡು ದಿನ ಬೇಕಾದವು. ಸಿದ್ಧಕಟ್ಟೆಯಲ್ಲಿ ಪರಿಚಯದ ಮಾಷ್ಟ್ರೊಬ್ಬರ ಮನೆಯಲ್ಲಿ ಮಲಗಿದೆ. ದಾರಿಯಲ್ಲಿ ಯಾರನ್ನು ಎಷ್ಟು ದೂರ ಎಂದು ಕೇಳಿದರೂ "ಇಲ್ಲೇ, ಹತ್ತಿರವೇ ಉಂಟು" ಎನ್ನುತ್ತಿದ್ದರು. ನಮ್ಮವರಿಗೆ ದೂರ ಗೊತ್ತಿಲ್ಲವೆಂದಲ್ಲ. ನಡೆದು ದಣಿದವನಿಗೆ ದೂರ ಎಂದು ಹೇಳಿ ಇನ್ನಷ್ಟು ದಣಿಸುವುದು ಯಾಕೆ ಎಂಬ ದಾಕ್ಷಿಣ್ಯ. ಆ ದಾಕ್ಷಿಣ್ಯದ ಮೇಲೆ ನಾನು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದೆ.

ತಮಾಷೆಯೆಂದರೆ, ಯಾವ ಮನೆಗೆ ಹೋದರೂ ನನಗಿಂತ ಮೊದಲು ನನ್ನ ಸುದ್ದಿ ಅಲ್ಲಿ ಬಂದು ಕೂತಿತ್ತು. ಮಾವನ ಮನೆಯಲ್ಲಿ ಹಾಸಿಗೆಯ ಮೇಲೆ ಎರಡು ತಲೆದಿಂಬು; ಒಂದು ತಲೆಗೆ, ಇನ್ನೊಂದು ಉಳುಕಿದ ಕಾಲಿನ ಕೆಳಗೆ ಇಡಲಿಕ್ಕೆ, ನಿನ್ನ ಅಮ್ಮ ಹೇಳಿದ್ದಾಳೆ ಎಂದರು. ಕಾರ್ಡಿನ ಮಾತು ಎತ್ತಲಿಲ್ಲ. ಚಾವಡಿಯ ಗೋಡೆಯನ್ನು ಮಾತ್ರ ತೋರಿಸಿ, "ಇದನ್ನು ಹಿಡಿದು ನಡೆದದ್ದು ನೀನು. ಸುಣ್ಣ ಹಚ್ಚಿಸಿದಾಗಲೆಲ್ಲ ನೆನಪಾಗ್ತದೆ ಅಳಿಯ" ಎಂದರು. ವೇಣೂರಿನ ಅತ್ತೆ ರಾತ್ರಿಯೂಟಕ್ಕೆ ಮೊಸರು ಬಡಿಸಲಿಲ್ಲ, ನನಗೆ ಶೀತವಾಗುತ್ತದಂತೆ. ಇಪ್ಪತ್ತೇಳು ವರ್ಷದ, ಮೀಸೆ ಬಂದ, ಮಕ್ಕಳಿಗೆ ಮಗ್ಗಿ ಹೇಳಿಸುವ ಮಾಷ್ಟ್ರು ನಾನು. ಮೊಸರಿನ ವಿಷಯದಲ್ಲಿ ಅಪ್ಪಣೆ ಹೊರ ತಾಲೂಕಿನಿಂದ ಬಂದಿತ್ತು. ನಾಚಿಕೆಯಾಯಿತು ಎಂದು ಹೇಳಬೇಕು. ಆದರೆ ಹಿತವಾಯಿತು ಎಂಬುದೂ ನಿಜ.

ಆರನೆಯ ದಿನ ಸಂಜೆ ಲಾಯಿಲದ ಚಿಕ್ಕಮ್ಮನ ಮನೆ ಮುಟ್ಟಿದೆ. ಅಲ್ಲಿಂದ ಧರ್ಮಸ್ಥಳಕ್ಕೆ ಹತ್ತು ಮೈಲಿ, ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಮುಗಿಯುವ ದಾರಿ. ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತು, ಅಮ್ಮ ಇಲ್ಲಿಯವರೆಗೆ ಬಂದಿದ್ದಳಲ್ಲ, ಹಾಗೆಯೇ ಹೋಗಿ ದೇವರಿಗೊಂದು ಕೈ ಮುಗಿದು ಬರಬಹುದಿತ್ತು ಎಂದೆ.

ಚಿಕ್ಕಮ್ಮ ನನ್ನನ್ನೇ ನೋಡಿದಳು. "ನಾನೂ ಅದನ್ನೇ ಹೇಳಿದೆ. ಅರ್ಧ ದಿನದ ದಾರಿ ಅಕ್ಕ, ಹೋಗಿ ಬರುವ ಅಂತ ಹೇಳಿದೆ. ಅವಳು ಒಪ್ಪಲಿಲ್ಲ ಮಗಾ. ಮಗನನ್ನು ನಡೆಸಿ ಕಳಿಸ್ತೇನೆ ಅಂತ ಮಾತು ಕೊಟ್ಟವಳು ನಾನು, ಅವನು ಬರದೆ ನಾನೊಬ್ಬಳೇ ಹೋಗಿ ಯಾವ ಮುಖದಲ್ಲಿ ನಿಲ್ಲುದು ಅಂತ ಕೇಳಿದಳು. ನಿನಗೆ ಗೊತ್ತಿಲ್ವಾ? ನಿನ್ನ ಜ್ವರದ ಮೇಲೆ ಅವಳು ಆ ದೇವಸ್ಥಾನದ ಮೆಟ್ಟಿಲು ಹತ್ತಲಿಲ್ಲ."

ಗೊತ್ತಿರಲಿಲ್ಲ. ಬಸ್ಸಿನ ಭಯ ಎಂದುಕೊಂಡಿದ್ದೆ. ಅದೇ ಹೆಂಗಸು ನನಗಾಗಿ ಹನ್ನೊಂದು ದಿನ ತಿರುಗಿದ್ದನ್ನು ಕಣ್ಣಾರೆ ಕಂಡ ಮೇಲೂ, ಅವಳಿಗೆ ನಡೆದುಹೋಗಲು ಯಾವ ಅಡ್ಡಿಯೂ ಇರಲಿಲ್ಲ ಎಂಬುದು ತಲೆಗೆ ಹೋಗಿರಲಿಲ್ಲ. ನಾನು ಪ್ರತಿ ವರ್ಷ ಬರುವ ವರ್ಷ ಎಂದಾಗ ಮುಂದೆ ಹೋಗುತ್ತಿದ್ದದ್ದು ನನ್ನ ಹರಕೆ ಮಾತ್ರವಲ್ಲ. ಅವಳ ದೇವರನ್ನೂ ನಾನು ಹದಿನೆಂಟು ವರ್ಷ ಮುಂದಕ್ಕೆ ಹಾಕಿದ್ದೆ. ಚಿಕ್ಕಮ್ಮನ ಎದುರು ಅಳು ಬಂತು, ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಧರ್ಮಸ್ಥಳದ ದಾರಿ ಹಿಡಿಯದೆ ಬೆಳ್ತಂಗಡಿಯ ಬಸ್ಸು ನಿಲ್ಲುವಲ್ಲಿಗೆ ಹೋಗಿ ಕಂಡಕ್ಟರರ ಬಳಿ ಮಾತು ಕಳುಹಿಸಿದೆ. ಅಮ್ಮ ಬಾರದೆ ಮಾಷ್ಟ್ರು ಲಾಯಿಲದಿಂದ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ ಎಂದು ಹೇಳಿ ಎಂದೆ. ಮಾತು ಬಸ್ಸಿನಲ್ಲಿ ಬಂಟ್ವಾಳದವರೆಗೆ ಹೋಗಿ, ಅಲ್ಲಿ ಇಳಿದು, ಯಾರದೋ ಬಾಯಲ್ಲಿ ಸೇತುವೆ ದಾಟಿ, ಅಬ್ಬು ಬ್ಯಾರಿಯವರ ಅಂಗಡಿ ಸೇರಿತು; ಅವರೇ ಎದ್ದು ನಮ್ಮ ಮನೆಗೆ ಹೋಗಿ ಹೇಳಿದರಂತೆ. ಇದನ್ನೇ ಕಾರ್ಡಿನಲ್ಲಿ ಬರೆದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ.

ಅದರ ಮರುದಿನ ಮಧ್ಯಾಹ್ನದ ಮೊದಲು ಅಮ್ಮ ಬಂದಳು, ಬಸ್ಸಿನಲ್ಲಿ. ನಡೆದು ಬಂದರೆ ನನ್ನ ರಜೆ ಮುಗಿಯುತ್ತದೆಂದು ಲೆಕ್ಕ ಹಾಕಿ, ಸುಮತಿ ಕೊಟ್ಟ ನಿಂಬೆಹಣ್ಣನ್ನು ಮೂಗಿಗೆ ಒತ್ತಿ ಹಿಡಿದು, ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕೂತು ಬಂದಿದ್ದಳು. ಮುಖ ಹಸುರಾಗಿತ್ತು. ಇಳಿದವಳು ಮೊದಲು ಒಂದು ಕಡೆ ಕೂತು ಸುಧಾರಿಸಿಕೊಂಡಳು, ಆಮೇಲೆ ಶುರು ಮಾಡಿದಳು. "ಹರಕೆ ಹೊತ್ತವ ದಾರಿಯಲ್ಲಿ ಹಟ ಮಾಡಿ ಕೂರುದುಂಟಾ? ಎಳೆ ಮಗುವಾ ನೀನು? ಜನ ಎಂಥ ಹೇಳ್ತಾರೆ?" ಬೆಳ್ತಂಗಡಿಯ ಅರ್ಧ ಪೇಟೆ ನಿಂತು ಕೇಳಿತು. ಕನ್ನಡದಲ್ಲಿ ಇಷ್ಟೇ ಬರೆಯಬಹುದು. ನಾನು ಅವಳ ಗಂಟು ತೆಗೆದುಕೊಂಡೆ. ಅಷ್ಟು ವರ್ಷ ಅವಳು ಬೈಯಬೇಕಾಗಿದ್ದದ್ದನ್ನೆಲ್ಲ ಒಂದೇ ಸಲ ಬೈದುದರಿಂದ ಇಬ್ಬರಿಗೂ ಹಗುರವಾಯಿತು.

ಮಾರನೆಯ ದಿನ ಬೆಳಗಿನ ತಂಪಿನಲ್ಲಿ ಇಬ್ಬರೂ ಹೊರಟೆವು. ಉಜಿರೆಯವರೆಗೆ ದಾರಿ ಸಲೀಸು. ಅಮ್ಮ ಸುರುವಿನಿಂದಲೇ ಹಿಂದೆ ಬಿದ್ದಳು. ನಾನು ನಿಂತರೆ ಅವಳೂ ನಿಲ್ಲುವಳು. "ಮುಂದೆ ನಡೆ ಮಗಾ, ನಾನು ಬರ್ತೇನೆ" ಎನ್ನುವಳು. ಬಸ್ಸಿನ ಆಯಾಸ, ವಯಸ್ಸು ಬೇರೆ ಎಂದುಕೊಂಡೆ. ಮನಸ್ಸಿನ ಒಂದು ಮೂಲೆಯಲ್ಲಿ, ಕಡೆಗೂ ಅಮ್ಮನಿಗಿಂತ ಜೋರಾಗಿ ನಡೆದೆನಲ್ಲ ಎಂಬ ಸಣ್ಣ ಹೆಮ್ಮೆಯೂ ಇಲ್ಲದಿರಲಿಲ್ಲ. ಮೂರು ಸಲ ಮರದ ನೆರಳಲ್ಲಿ ಕೂರುವ ಎಂದೆ. "ನನಗೇನು ಬೇಡ, ನಿನಗೆ ಬೇಕಾದ್ರೆ ಕೂರು" ಎಂದಳು. ಹೊಳೆಯಲ್ಲಿ ಮುಳುಗಿ, ಒದ್ದೆ ಬಟ್ಟೆ ಹಿಂಡಿ, ದೇವಸ್ಥಾನದ ಎದುರಿಗೆ ಬಂದಾಗಲೂ ಅವಳು ನನ್ನ ಬೆನ್ನ ಹಿಂದೆಯೇ. ಬಾಗಿಲಲ್ಲಿ ನನ್ನ ಎರಡೂ ಭುಜ ಹಿಡಿದು ಮುಂದಕ್ಕೆ ತಳ್ಳಿದಳು. ಅವಳು ದೇವರ ಹತ್ತಿರ ಹೇಳಿದ್ದು ನನಗೆ ಕೇಳಿಸಿತು. "ಬಂದಿದ್ದಾನೆ, ನೋಡು" ಎಂದಳು. ಅಷ್ಟೇ.

ಪ್ರಸಾದ ತೆಗೆದುಕೊಂಡು ಹೊರಗೆ ಬಂದು ಜಗಲಿಯ ಕಟ್ಟೆಯಲ್ಲಿ ಕೂತೆವು. ಅವಳ ಮುಖ ನಾನು ಹಿಂದೆಂದೂ ಕಾಣದ ಹಾಗೆ ತಿಳಿಯಾಗಿತ್ತು. "ತುಂಬ ಸುಸ್ತಾಯ್ತಾ ಅಮ್ಮ? ದಾರಿಯುದ್ದಕ್ಕೂ ಹಿಂದೆ ಉಳಿದೆ" ಎಂದೆ.

"ಸುಸ್ತು ಎಂಥದ್ದು" ಎಂದಳು ಅಮ್ಮ, ಸೆರಗಿನಿಂದ ಮುಖ ಒರಸಿಕೊಳ್ಳುತ್ತಾ. "ನಾನು ಮುಂದೆ ಹೋದ್ರೆ ನಿನ್ನ ಕಾಲು ಕಾಣ್ತದಾ?"

ಲಾಯಿಲಕ್ಕೆ ಹಿಂದಿರುಗಲು ಬಸ್ಸಿತ್ತು. ನಾವು ನಡೆದೇ ಬಂದೆವು, ನಾನು ಮುಂದೆ.